ಹಳೆ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸುವ ಕೆಲಸ: ಮಳೆಗಾಲದ ಲಾಗ್

ಆರಿದ್ರಾ ಮಳೆ

ಅಡಿಕೆಗೆ ಕೊಳೆ ಔಷಧಿ ಒಂದು ಸುತ್ತು ಹೊಡೆದಾಯಿತು. ಮಳೆ ಹೊಳವಾಗುವವರೆಗೆ ತೋಟದಲ್ಲಿ ಕೆಲಸವಿಲ್ಲ. ಅಟ್ಟದ ಮೇಲಿದ್ದ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳನ್ನು ಕೆಳಗಿಳಿಸಿದ್ದೇನೆ. ಅಕ್ಕನ ಮದುವೆ, ಅಜ್ಜನ ಎಪ್ಪತ್ತರ ಶಾಂತಿ, ಊರಿನ ಬಯಲಾಟ. ಎಲ್ಲವೂ ಕಂಪ್ಯೂಟರ್‌ಗೆ ಹೋಗಬೇಕು.

ಮೊದಲ ತೊಂದರೆ ಬೂಷ್ಟು. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಊರು. ಆಗುಂಬೆಯಲ್ಲಿ ವರ್ಷದ ಮಳೆ 7000 ಮಿ.ಮೀ. ದಾಟುತ್ತದೆ. ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕ್ಯಾಸೆಟ್ ಯಾವ ಲೆಕ್ಕ? ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತದೆ. ಅಂಥದ್ದನ್ನು ಸುಮ್ನೆ ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರ) ಹಾಕಿದರೆ ಪುಡಿ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಹಾಗಾಗಿ ಎರಡು ರಾಶಿ ಮಾಡಿದೆ. ಬೂಷ್ಟು ಹಿಡಿದವು ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಹೋದವು. ಅವುಗಳ ಸರದಿ ಬಿಸಿಲು ಬಂದ ಮೇಲೆ.

ವಿಸಿಆರ್ ದೊಡ್ಡಪ್ಪನ ಮನೆಯದ್ದು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಅನ್ನೋದೇ ಇಲ್ಲ, ಇದ್ದದ್ದನ್ನೇ ಜೋಪಾನ ಮಾಡಬೇಕು. ಹೆಡ್ ಕ್ಲೀನ್ ಮಾಡುವಾಗ ಒಂದು ಎಚ್ಚರ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿಕೊಂಡು ಹೆಡ್ ಮುರಿಯಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಿಳಿ ಕಾಗದವನ್ನು, ಹೆಡ್ ಕೂರಿಸಿರುವ ಡ್ರಮ್ಮಿಗೆ ತಾಗಿಸಿ ಹಿಡಿದು, ಡ್ರಮ್ಮನ್ನೇ ಕೈಯಿಂದ ನಿಧಾನಕ್ಕೆ ತಿರುಗಿಸಬೇಕು. ಕಾಗದವನ್ನು ಮೇಲೆ ಕೆಳಗೆ ಉಜ್ಜಲೇಬಾರದು. ಕಾಗದದ ಮೇಲೆ ಕಪ್ಪು ಗೆರೆ ಬಂತು. ಡಬ್ಬಾ ಟಿವಿಗೆ ಜೋಡಿಸಿದರೆ ಚಿತ್ರ ಚೊಕ್ಕ. ಅಕ್ಕ ಹಸೆಮಣೆ ಮೇಲೆ ಕೂತಿದ್ದಾಳೆ, ಅಮ್ಮನಿಗೆ ಖುಷಿಯೋ ಖುಷಿ.

ಪುನರ್ವಸು

ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಬಂತು, ಅಂದರೆ ವಿಸಿಆರ್‌ನ ಚಿತ್ರ, ಸದ್ದನ್ನು ಕಂಪ್ಯೂಟರ್‌ಗೆ ಕೊಡುವ ಪುಟ್ಟ ಸಾಧನ. ಹಳದಿ ತಂತಿ ವಿಡಿಯೊಗೆ, ಬಿಳಿ ಎಡ ಕಿವಿಗೆ, ಕೆಂಪು ಬಲ ಕಿವಿಗೆ. ಇಷ್ಟು ಸುಲಭ ಅಂತ ಡಬ್ಬಿಯ ಮೇಲಿದೆ. ಒಳಗೆ ಡ್ರೈವರ್ (ಡಾಂಗಲ್ ನಡೆಸುವ ಸಾಫ್ಟ್‌ವೇರ್) ಇರುವ ಪುಟ್ಟ ಸಿಡಿ. ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕೋಕೆ ಜಾಗವೇ ಇಲ್ಲ! ಈ ಡಾಂಗಲ್‌ಗಳ ಇನ್ನೊಂದು ತಮಾಷೆ ಅಂದರೆ, ಹೊರಗಿನಿಂದ ಎಲ್ಲವೂ ಒಂದೇ ಥರ ಕಂಡರೂ ಒಳಗಿನ ಚಿಪ್ ಬೇರೆ ಬೇರೆ. ಒಂದರ ಡ್ರೈವರ್ ಇನ್ನೊಂದಕ್ಕೆ ಆಗಲ್ಲ. ಮೂಲೆಯಲ್ಲಿದ್ದ ಲಿನಕ್ಸ್ ಡೆಸ್ಕ್‌ಟಾಪಿಗೆ ಚುಚ್ಚಿದೆ. ಎಸ್‌ಟಿಕೆ1160 ಚಿಪ್ ಅಂತ ತಾನಾಗಿಯೇ ಗುರುತಿಸಿತು. ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲೇ ಇದೆ, ಸಿಡಿ ಪಕ್ಕಕ್ಕಿಟ್ಟೆ.

ಚಿತ್ರ ಬಂತು, ಆದರೆ ಕಪ್ಪು-ಬಿಳುಪು, ಮೇಲಕ್ಕೆ ಓಡುತ್ತಾ. ಕೇಬಲ್ ಹೋಗಿದೆ ಅಂತ ಎಲ್ಲರೂ ಹೇಳುವುದು ಇಂಥದ್ದನ್ನು ನೋಡಿಯೇ. ಕೇಬಲ್ ಸರಿಯಾಗಿಯೇ ಇರುತ್ತದೆ. ಸಾಫ್ಟ್‌ವೇರ್ ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿಯನ್ನು ಹಿಡಿದು ಕೂತಿರುತ್ತದೆ, 525 ಗೆರೆ, ಸೆಕೆಂಡಿಗೆ ಸುಮಾರು 30 ಫ್ರೇಮ್. ನಮ್ಮ ದೇಶದ್ದು ಪಾಲ್, 625 ಗೆರೆ, 25 ಫ್ರೇಮ್. ಬದಲಾಯಿಸಿದ ಕೂಡಲೇ ಅಕ್ಕನ ಸೀರೆಗೆ ಬಣ್ಣ ಬಂತು.

ಸದ್ದಿನಲ್ಲಿ ಮಾತ್ರ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ವಿಸಿಆರ್ ಒಂದು ಕೋಣೆಯ ಪ್ಲಗ್ಗಿನಲ್ಲಿತ್ತು, ಡೆಸ್ಕ್‌ಟಾಪ್ ಇನ್ನೊಂದು ಕೋಣೆಯದ್ದರಲ್ಲಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದ ಮೇಲೆ ಗುಂಯ್ ನಿಂತಿತು.

ಪುಷ್ಯ

ಈಗ ಅಸಲಿ ರಗಳೆ.

ಬಯಲಾಟದ ಕ್ಯಾಸೆಟ್ ಪೂರ್ತಿ ಇಳಿಸಿ ನೋಡಿದೆ. ಒಡ್ಡೋಲಗದಲ್ಲಿ ಎಲ್ಲ ಸರಿ ಇದೆ. ಹೋಗ್ತಾ ಹೋಗ್ತಾ ಭಾಗವತರ ಕೈ ಮೊದಲು ತಾಳ ಕುಟ್ಟುತ್ತದೆ, ಸದ್ದು ಆಮೇಲೆ ಬರುತ್ತದೆ. ಕೊನೆಯ ಯುದ್ಧದ ಹೊತ್ತಿಗೆ ವೇಷ ಕುಣಿದು ಮುಗಿದ ಮೇಲೂ ಚಂಡೆ ಬಾರಿಸುತ್ತಲೇ ಇದೆ. ನಡುವೆ ಖಾಲಿ ಟೇಪ್ ಬಂದಲ್ಲೆಲ್ಲ ರೆಕಾರ್ಡಿಂಗ್ ನಿಂತೇ ಹೋಗುತ್ತದೆ. ಅದೇ ಕ್ಯಾಸೆಟ್, ಅದೇ ವಿಸಿಆರ್, ಟಿವಿಯಲ್ಲಿ ಏನೂ ತೊಂದರೆ ಇಲ್ಲ!

ಕಾರಣ ಹುಡುಕಿದಾಗ ವಿಷಯ ಸ್ವಾರಸ್ಯವಾಗಿದೆ. ಪಾಲ್‌ನಲ್ಲಿ ಒಂದೊಂದು ಗೆರೆಗೂ 64 ಮೈಕ್ರೊಸೆಕೆಂಡ್ ನಿಗದಿ. ಟೇಪ್ ಅಂದರೆ ಪ್ಲಾಸ್ಟಿಕ್ ಪಟ್ಟಿ. ಎಳೆದರೆ ಹಿಗ್ಗುತ್ತದೆ. ಹೆಡ್ ಇರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅಲ್ಲೂ ಚೂರು ಅಲುಗಾಟ ಇರುತ್ತದೆ. ಹಾಗಾಗಿ ಒಂದು ಗೆರೆ ತುಸು ಬೇಗ ಬರುತ್ತದೆ, ಇನ್ನೊಂದು ತುಸು ತಡವಾಗಿ. ಡಬ್ಬಾ ಟಿವಿ ಮಾಡಿದವರಿಗೆ ಇದು ಗೊತ್ತಿತ್ತು. ಸಿಗ್ನಲ್ ಹೇಗೆ ಬಂದರೂ ಟ್ಯೂಬಿನ ಕಿರಣ ಅದರ ಹಿಂದೆಯೇ ಓಡುತ್ತದೆ. ಅಗ್ಗದ ಡಾಂಗಲ್ ಹಾಗಲ್ಲ. ಲೆಕ್ಕ ತಪ್ಪಿದರೆ ಇಡೀ ಫ್ರೇಮನ್ನೇ ಬಿಸಾಡುತ್ತದೆ. 25 ಫ್ರೇಮ್ ಹೋದರೆ ವಿಡಿಯೊದಲ್ಲಿ ಒಂದು ಸೆಕೆಂಡ್ ಕಮ್ಮಿ. ಸದ್ದು ಮಾತ್ರ ಏನೂ ಕಮ್ಮಿಯಾಗದೆ ಬರುತ್ತಿರುತ್ತದೆ. ಅಂತರ ಬೆಳೆಯದೆ ಇನ್ನೇನಾಗುತ್ತದೆ?

ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್ ಅನ್ನುವ ಯಂತ್ರ. ಬರುವ ಗೆರೆಗಳನ್ನು ಮೆಮೊರಿಯಲ್ಲಿ ಹಿಡಿದಿಟ್ಟು, ಸರಿಯಾದ ಅಂತರದಲ್ಲಿ ಹೊರಗೆ ಬಿಡುತ್ತದೆ. ಟಿವಿ ಸ್ಟೇಷನ್‌ಗಳಲ್ಲಿ ಇದ್ದ ಸಾಮಾನು, ಬೆಲೆ ಕೇಳುವ ಹಾಗಿಲ್ಲ. ಬಡವರ ದಾರಿ ಡಿವಿಡಿ ರೆಕಾರ್ಡರ್. ಕೆಲವು ಮಾಡೆಲ್‌ಗಳು ಒಳಗೆ ಬಂದ ಸಿಗ್ನಲ್ಲನ್ನು ಡಿಜಿಟಲ್ ಮಾಡಿ, ತಿದ್ದಿ, ಮತ್ತೆ ಹೊರಗೆ ಕೊಡುತ್ತವೆ. ಪ್ಯಾನಾಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15 ಇದಕ್ಕೇ ಹೆಸರುವಾಸಿ. ಡಿಸ್ಕ್ ಹಾಕೋದೇ ಬೇಡ, ನಡುವೆ ಸುಮ್ನೆ ಕೂತಿದ್ದರೆ ಸಾಕು.

ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯಲ್ಲಿ ವಿಚಾರಿಸಿದೆ. ಎಲ್ಲ ಕಡೆ ಡಿವಿಡಿ ಪ್ಲೇಯರ್ ತೋರಿಸುತ್ತಾರೆ. ಪ್ಲೇಯರ್‌ಗೆ ವಿಡಿಯೊ ಒಳಗೆ ಹೋಗುವ ದಾರಿಯೇ ಇರಲ್ಲ ಮಾರಾಯ್ರೆ, ರೆಕಾರ್ಡರ್ ಬೇಕು ಅಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಕೊನೆಗೆ ಒಂದು ಹಳೆ ರಿಪೇರಿ ಅಂಗಡಿಯಲ್ಲಿ ಡಿಸ್ಕ್ ಟ್ರೇ ಕೆಟ್ಟ ಒಂದು ರೆಕಾರ್ಡರ್ ಸಿಕ್ಕಿತು. ಟ್ರೇ ಯಾರಿಗೆ ಬೇಕು?

ಆಶ್ಲೇಷ

ಲೈನ್ ಮೇಲೆ ಮರ ಬಿದ್ದಿದೆ. ಕರೆಂಟ್ ಇಲ್ಲ. ಇನ್ವರ್ಟರ್ ಚಾರ್ಜ್ ಮೊಬೈಲಿಗೇ ಸಾಲದು.

ಮಖಾ

ಕರೆಂಟ್ ಬಂತು. ವಿಸಿಆರ್‌ನಿಂದ ರೆಕಾರ್ಡರ್‌ಗೆ, ರೆಕಾರ್ಡರ್‌ನಿಂದ ಡಾಂಗಲ್‌ಗೆ. ಎರಡನೇ ಹಂತಕ್ಕೆ ಹಳದಿ ತಂತಿ ಬಿಟ್ಟು ಎಸ್-ವಿಡಿಯೊ ತಂತಿ ಹಾಕಿದೆ. ಅದರಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿ ಹೋಗುವುದರಿಂದ ಅಂಚುಗಳಲ್ಲಿ ಹರಿದಾಡುವ ಚುಕ್ಕಿಗಳು ಕಮ್ಮಿಯಾದವು. ಸದ್ದನ್ನೂ ರೆಕಾರ್ಡರ್ ಮೂಲಕವೇ ಕಳಿಸಬೇಕು, ಯಾಕೆಂದರೆ ಅದು ಚಿತ್ರವನ್ನು ಸ್ವಲ್ಪ ತಡ ಮಾಡುತ್ತದೆ.

ಬಯಲಾಟ ಮೊದಲಿನಿಂದ ಕೊನೆಯವರೆಗೆ ಇಳಿಯಿತು. ಯುದ್ಧದಲ್ಲಿ ಕುಣಿತ, ಚಂಡೆ ಎರಡೂ ಒಟ್ಟಿಗೇ ಇವೆ. ಖಾಲಿ ಟೇಪ್ ಬಂದರೂ ರೆಕಾರ್ಡಿಂಗ್ ನಿಲ್ಲಲಿಲ್ಲ.

ಫೈಲ್ ಸೈಜ್ ಬೇರೆ ಸಂಕಟ. 720 ಗುಣಿಸು 576 ಪಿಕ್ಸೆಲ್ ಚಿತ್ರವನ್ನು ಕಂಪ್ರೆಸ್ ಮಾಡದೆ ಇಟ್ಟರೆ ಗಂಟೆಗೆ ಹತ್ತಿರ ಹತ್ತಿರ 75 ಜಿಬಿ. ಎಫ್‌ಎಫ್‌ವಿ1 ಅನ್ನುವ ಫಾರ್ಮ್ಯಾಟಿನಲ್ಲಿ ಇಟ್ಟರೆ ಏನೂ ಕಳೆದುಕೊಳ್ಳದೆ ಬಹಳಷ್ಟು ಇಳಿಯುತ್ತದೆ. ಮೂಲ ಪ್ರತಿ ಹಾಗೇ ಇರಲಿ. ಟೇಪಿನ ಒಂದೊಂದು ಫ್ರೇಮಿನಲ್ಲೂ ಎರಡು ಕ್ಷಣದ ಗೆರೆಗಳು ಒಂದು ಬಿಟ್ಟು ಒಂದು ಹೆಣೆದುಕೊಂಡಿರುತ್ತವೆ. ನೋಡುವ ಪ್ರತಿಗೆ ಮಾತ್ರ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅವನ್ನು ಬಿಡಿಸಿದೆ (ಡಿಇಂಟರ್‌ಲೇಸ್), ಇಲ್ಲದಿದ್ದರೆ ಕುಣಿಯುವಾಗ ಕೈಕಾಲಿನ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಫ್ರೇಮ್ 25ರ ಬದಲು 50 ಇಟ್ಟುಕೊಂಡರೆ ಕುಣಿತದ ಬೀಸು ಹಾಗೇ ಉಳಿಯುತ್ತದೆ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿ ಅಕ್ಕನಿಗೆ ಹೇಳಿದರೆ, "ವಾಟ್ಸಾಪಲ್ಲಿ ಕಳಿಸೋ ಸೈಜಿಗೆ ಮಾಡಿಕೊಡು" ಅಂದಳು.

ಮುಂದಿನದು ಭಾವನ ಮಿನಿಡಿವಿ ಕ್ಯಾಮೆರಾ. ಅದರ ಟೇಪಿನಲ್ಲಿ ಇರುವುದೇ ಡಿಜಿಟಲ್. ಸೆಕೆಂಡಿಗೆ 25 ಮೆಗಾಬಿಟ್, ಗಂಟೆಗೆ ಸುಮಾರು 13 ಜಿಬಿ. ಹಾಗೇ ನಕಲು ಮಾಡಿಕೊಂಡರಾಯಿತು, ಅಲ್ವಾ? ಆದರೆ ಅದಕ್ಕೆ ಫೈರ್‌ವೈರ್ ಅನ್ನುವ ಹಳೆ ಥರದ ಕನೆಕ್ಷನ್ ಬೇಕು. ಒಂದು ತುದಿಗೆ ಫೈರ್‌ವೈರ್, ಇನ್ನೊಂದಕ್ಕೆ ಯುಎಸ್‌ಬಿ ಇರುವ ಅಗ್ಗದ ತಂತಿ ಮಾರುತ್ತಾರೆ, ತಗೊಳ್ಳಬೇಡಿ. ಎರಡೂ ಮಾತಾಡುವ ರೀತಿಯೇ ಬೇರೆ, ಬರೀ ತಂತಿ ಜೋಡಿಸಿದರೆ ಕೆಲಸ ಆಗಲ್ಲ. ಡೆಸ್ಕ್‌ಟಾಪಿನಲ್ಲಿ ಒಂದು ಪಿಸಿಐ ಸ್ಲಾಟ್ ಖಾಲಿ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಫೈರ್‌ವೈರ್ ಕಾರ್ಡ್ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಹಳೆಯದು ಬಿದ್ದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ.