ಕಾರ್ಬ್ ತೊಳೆದೆ, ಗಾಡಿ ಮುನಿಸಿಕೊಂಡಿತು
ಹಳೇ ಬೈಕಿನ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ, ಅದೇ ಕಾರ್ಬ್) ಬಿಚ್ಚಿ ಪಳಪಳ ಹೊಳೆಯುವ ಹಾಗೆ ತೊಳೆದಿಟ್ಟೆ. ಆಮೇಲಿಂದ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ಗಕ್ ಅಂತ ತಡೆದು, ಆಮೇಲೆ ಓಡುತ್ತದೆ. ಪೆಟ್ರೋಲ್ ಪಾಲು ಹೆಚ್ಚಿಸೋ ಚೋಕ್ ಅರ್ಧ ಎಳೆದರೆ ಸರಿಹೋಗುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಐಡಲ್‌ನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪೈಲಟ್ ಜೆಟ್ ಬೆಳಕಿಗೆ ಹಿಡಿದು ನೋಡಿದೆ, ತೂತು ಸ್ವಚ್ಛ. ಗಾಳಿಯ ಅಳತೆ ಹೊಂದಿಸೋ ಏರ್ ಸ್ಕ್ರೂ ಸುಮ್ನೆ ಅರ್ಧ ಸುತ್ತು ಆ ಕಡೆ ಈ ಕಡೆ ತಿರುಗಿಸಿದೆ, ಊಹೂಂ. ಕೊನೆಗೆ ಗಾಡಿ ಐಡಲ್‌ನಲ್ಲಿ ಬಿಟ್ಟು, ಕಾರ್ಬ್‌ಗೂ ಇಂಜಿನ್‌ಗೂ ನಡುವಿನ ರಬ್ಬರ್ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಸದ್ದೇ ಬದಲಾಯಿತು. ಬಿರುಕು! ಅಲ್ಲಿಂದಲೇ ಗಾಳಿ ನುಗ್ಗುತ್ತಿತ್ತು. ಬಿಚ್ಚುವಾಗ ಎಳೆದಾಡಿದ್ದು ನಾನೇ. ನಮ್ಮ ಕೈ ಕೆಲಸ ಬಿಟ್ಟು ಉಳಿದೆಲ್ಲದರ ಮೇಲೂ ಮೊದಲು ಅನುಮಾನ ಬರುತ್ತದೆ, ಅಲ್ವಾ? ಎರಡು ದಿನ ಜೆಟ್‌ಗೆ ಬೈದಿದ್ದೆ, ಪಾಪ. ಹೊಸ ರಬ್ಬರ್ ಬರುವ ತನಕ ಗಾಡಿ ಸ್ಟ್ಯಾಂಡ್ ಮೇಲೆ.