ಔಸ್ಗೇರ್‌ನ ಹಾಡು, ಅಪ್ಪನ ಪ್ರಾಸ

ಗೈಸರ್ ಅನ್ನೋ ಬಿಸಿನೀರಿನ ಬುಗ್ಗೆ, ಗುಲ್‌ಫಾಸ್ ಜಲಪಾತ ಎಲ್ಲಾ ನೋಡಿದ್ವಿ, ಚೆನ್ನಾಗೇ ಇದೆ, ಆದ್ರೆ ಬಸ್‌ಗಟ್ಟಲೆ ಜನ, ಅದರ ಬಗ್ಗೆ ಬರೆಯೋಕೆ ಮನಸ್ಸಿಲ್ಲ. ಐಸ್‌ಲ್ಯಾಂಡ್ ಅಂದ್ರೆ ನಂಗೀಗ ಉತ್ತರದ ತುದೀಲಿರೋ ಸಿಗ್ಲುಫ್ಯೋರ್ದುರ್ ಅನ್ನೋ ಪುಟ್ಟ ಮೀನುಗಾರರ ಊರು, ಅಲ್ಲಿರೋ ಜಾನಪದ ಸಂಗೀತದ ಮ್ಯೂಸಿಯಂ, ಅಷ್ಟೇ.

ದಾರೀಲಿ ಲೌಗರ್‌ಬಕ್ಕಿಲಿ ನಿಲ್ಲಿಸಿದ್ವಿ. ಐಸ್‌ಲ್ಯಾಂಡಿನ ಹಾಡುಗಾರ ಔಸ್ಗೇರ್ ಟ್ರೌಸ್ತಿಯ ಹಳ್ಳಿ. 2012ರಲ್ಲಿ, ಇಪ್ಪತ್ತು ವರ್ಷಕ್ಕೇ ಅವನು ತಂದ ಮೊದಲ ಆಲ್ಬಂ ಆ ದೇಶದಲ್ಲಿ ಹತ್ತು ಜನಕ್ಕೊಬ್ಬರ ಹತ್ರ ಇದೆ ಅಂತಾರೆ. ಗಿಟಾರ್, ಎಲೆಕ್ಟ್ರಾನಿಕ್ ಬೀಟ್ಸ್, ಮೇಲಿನ ಸ್ಥಾಯೀಲಿ ತೆಳ್ಳನೆ ದನಿ. ಸಾಹಿತ್ಯ ಮಾತ್ರ ಹೆಚ್ಚಿನದೆಲ್ಲ ಆಗ ಎಪ್ಪತ್ತರ ಆಸುಪಾಸಿನಲ್ಲಿದ್ದ ಅಪ್ಪ ಐನಾರ್ ಗಿಯೋರ್ಗ್ ಐನಾರ್ಸನ್ ಬರೆದದ್ದು.

ಅಲ್ಲೇ ಕಾರಿಂದ ಇಳಿಯುವಾಗ ಗಾಳಿ ಬಾಗಿಲನ್ನ ಕೈಯಿಂದ ಕಿತ್ಕೊಂಡು ಬಡೀತು, ಹಿಂಜ್ ಬಗ್ಗೋಯ್ತು. ಗಾಳಿಗೆ ಆದ ಡ್ಯಾಮೇಜ್ ನಾವು ಕಟ್ಟಿದ್ದ ಇನ್ಶೂರೆನ್ಸ್‌ಗೆ ಬರಲ್ವಂತೆ, ಬಾಡಿಗೆಗೆ ಕೊಟ್ಟೋರು ಮೊದಲೇ ಒಂದು ಮಾತು ಹೇಳಬಾರದಾ, ಸೀದಾ ಕಾರ್ಡಿಂದ ದುಡ್ಡು ಎಳೆದ್ರು, ಈಗ್ಲೂ ಹೊಟ್ಟೆ ಉರಿಯುತ್ತೆ. ಹೋಗೋರು ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನ ಗಟ್ಟಿಯಾಗಿ ಹಿಡ್ಕೊಂಡೇ ತೆಗೀರಿ.

ಮ್ಯೂಸಿಯಂ ಇರೋದು ಬ್ಯಾರ್ನಿ ಥೋರ್ಸ್ಟೈನ್ಸನ್ ಅನ್ನೋ ಪಾದ್ರಿ ಹಿಂದೆ ವಾಸವಿದ್ದ ಮನೇಲಿ. ಊರೂರಿನ ಹಾಡು ಕೂಡಿಸಿ 1906ರಿಂದ 1909ರವರೆಗೆ ಅಚ್ಚು ಹಾಕಿಸಿದ ಪುಣ್ಯಾತ್ಮ. ಒಳಗೆ ವಿಡಿಯೋದಲ್ಲಿ ವಯಸ್ಸಾದವರೊಬ್ಬರು ರೀಮುರ್ ಹಾಡ್ತಿದ್ರು, ವಾದ್ಯ ಇಲ್ಲ ಏನಿಲ್ಲ, ಕಥೆಯ ಪದ್ಯವನ್ನ ಒಂದು ಧಾಟೀಲಿ ಎಳೆದು ಎಳೆದು ಹೇಳೋದು. ಮೈ ಜುಮ್ ಅಂತು, ನಮ್ಮ ಗಮಕಿಗಳು ಕುಮಾರವ್ಯಾಸನ್ನ ಓದ್ದಂಗೇ ಇತ್ತು!

ಅಲ್ಲಿದ್ದ ಹೆಂಗಸಿಗೆ ಫೋನಲ್ಲಿ ಗಮಕ ಕೇಳಿಸಿದೆ. ಪೂರ್ತಿ ಕೇಳಿ, "ಇದಕ್ಕೆ ಪ್ರಾಸದ ನಿಯಮ ಏನು?" ಅಂದ್ರು. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದ್ಬೇಕು ಅಂದೆ. "ನಮಗೆ ಪದದ ಮೊದಲ ಅಕ್ಷರ, ಒಂದು ಸಾಲಲ್ಲಿ ಎರಡು ಕಡೆ, ಮುಂದಿನ ಸಾಲಿನ ಶುರೂಲಿ ಒಂದು" ಅಂತ ಟೇಬಲ್ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದ್ರು. ಚಳಿಗಾಲದ ರಾತ್ರಿ ಮನೆಮಂದಿಯೆಲ್ಲ ಉಣ್ಣೆ ಕೆಲಸ ಮಾಡ್ತಾ ಇದನ್ನೇ ಕೇಳ್ತಿದ್ರಂತೆ. ಔಸ್ಗೇರ್ ಬಗ್ಗೆ ಕೇಳಿದ್ದಕ್ಕೆ, "ರಾಗ ಇವತ್ತಿಂದು, ಅಪ್ಪನ ಪದ್ಯ ಆ ಹಳೇ ಲೆಕ್ಕದ್ದೇ, ರೀಮುರ್ ಅಂದ್ರೆ ಓಡಿಹೋಗೋ ನನ್ನ ಮಗ ಅದನ್ನ ಬಾಯಿಪಾಠ ಹೇಳ್ತಾನೆ" ಅಂದ್ರು.

ವಾಪಸ್ ಬರ್ತಾ ಕಾರಲ್ಲಿ ಅದೇ ಆಲ್ಬಂ ಹಾಕಿದ್ವಿ, ಭಾಷೆ ಒಂದಕ್ಷರ ಗೊತ್ತಿಲ್ದಿದ್ರೂ ಆ ಮೂರು ಪೆಟ್ಟು ಎಲ್ಲಿ ಬೀಳುತ್ತೆ ಅಂತ ಸ್ಟೇರಿಂಗ್ ಮೇಲೆ ತಟ್ತಾ ಬಂದೆ. ಆಮೇಲೆ ನನ್ನ ತಮ್ಮ ಅದೇ ಆಲ್ಬಂನ ಇಂಗ್ಲಿಷ್ ವರ್ಷನ್ ಹಾಕಿದ, ಜಾನ್ ಗ್ರಾಂಟ್ ಅನ್ನೋ ಅಮೆರಿಕದ ಹಾಡುಗಾರ ಅನುವಾದ ಮಾಡಿದ್ದು, ಅವನಿಗೆ ಅದೇ ಇಷ್ಟ. ನಂಗೆ ಸಪ್ಪೆ ಅನ್ನಿಸ್ತು, ಎರಡು ಹಾಡಿಗೇ ತೆಗೆಸಿ ಮತ್ತೆ ಮೊದಲಿನದ್ದೇ ಹಾಕಿಸಿದೆ.