ಒಂದನೇ ಹಾಡಿಗೂ ಮುಂಚೆ

ಭಾನುವಾರ ಬೆಳಿಗ್ಗೆ ಪಟ್ಟಿಗೆ ಒಂದು ಸಿಡಿ ಸೇರಿಸಿ ಏಳೋಣ ಅಂತ ಕೂತಿದ್ದೆ. ಎದ್ದಾಗ ಹೊರಗೆ ಕತ್ತಲಾಗಿತ್ತು.

ಎರಡು ವರ್ಷದಿಂದ ಈ ಪಟ್ಟಿ ಮಾಡುತ್ತಿದ್ದೇನೆ. ಕವರ್ ಮೇಲೆ ಹೆಸರಿಲ್ಲದೆ ಡಿಸ್ಕ್ ಒಳಗೆ ಅಡಗಿರುವ ಹಾಡು, ಮಾತು, ನಗು, ಏನೇ ಇರಲಿ, ಬರೆದಿಡುತ್ತೇನೆ. ಅವು ಜಾಸ್ತಿ ಸಿಗುವುದು ಕೊನೆಯಲ್ಲಿ. ಅಮೆರಿಕದ ರಾಕ್ ತಂಡ ನಿರ್ವಾಣದ 1991ರ ‘ನೆವರ್‌ಮೈಂಡ್’ ಆಲ್ಬಂ ಗೊತ್ತಲ್ವಾ? ಕೊನೆಯ ಹಾಡು ಮುಗಿದು ಸುಮಾರು ಹತ್ತು ನಿಮಿಷ ಏನೂ ಕೇಳಿಸುವುದಿಲ್ಲ. ಆಮೇಲೆ ಇನ್ನೊಂದು ಹಾಡು ಶುರುವಾಗುತ್ತದೆ. ಮೊದಮೊದಲು ಬಂದ ಪ್ರತಿಗಳಲ್ಲಿ ಆ ಹಾಡು ಇರಲೇ ಇಲ್ಲ, ಆಮೇಲೆ ಸೇರಿಸಿದರು. ಹಾಗಾಗಿ ಆಲ್ಬಂ ಹೆಸರು ಬರೆದರೆ ಸಾಲದು, ಕೈಯಲ್ಲಿರುವುದು ಯಾವ ಪ್ರತಿ ಅಂತಲೂ ಬರೆಯಬೇಕು. ಡಿಸ್ಕ್‌ನ ನಡುವಿನ ತೂತಿನ ಸುತ್ತ ಸಣ್ಣ ಅಕ್ಷರಗಳಿರುತ್ತವೆ. ಅವನ್ನು ಭೂತಗನ್ನಡಿ ಹಿಡಿದು ಓದಿ ಬರೆದುಕೊಳ್ಳುತ್ತೇನೆ.

ಅವತ್ತಿನದು ಹನ್ನೊಂದು ಹಾಡಿನ ಒಂದು ಪಿಯಾನೋ ಆಲ್ಬಂ. ಅಂಚಿನಲ್ಲಿ ಕಂದು ಬಣ್ಣ ಹತ್ತಲು ಶುರುವಾಗಿತ್ತು. ಕೊನೆಯ ಹಾಡನ್ನು ಪೂರ್ತಿ ಕೇಳಿದೆ, ಏನೂ ಇಲ್ಲ. ‘ಏನೂ ಇಲ್ಲ’ ಅಂತಲೇ ಬರೆಯುವ ಮುಂಚೆ, ಯಾವ ಹಾಡು ಎಲ್ಲಿ ಶುರುವಾಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ನೋಡಿದೆ. ಸಾಮಾನ್ಯವಾಗಿ ಒಂದನೇ ಹಾಡಿನ ಮುಂದೆ 0 ಇರುತ್ತದೆ. ಇಲ್ಲಿ 16,500 ಇತ್ತು.

ಸಿಡಿಯಲ್ಲಿ ಒಂದು ಸೆಕೆಂಡ್ ಅಂದರೆ 75 ತುಣುಕು. ಭಾಗಿಸಿದೆ. 220 ಸೆಕೆಂಡ್. ಮೊದಲ ಹಾಡಿಗೂ ಮುಂಚೆ 3 ನಿಮಿಷ 40 ಸೆಕೆಂಡ್ ಜಾಗ! ಎದೆ ಡವಡವ ಅಂದಿತು.

ಪ್ಲೇಯರ್‌ಗಳು ಆ ಜಾಗವನ್ನು ಹಾರಿ ನೇರ ಒಂದನೇ ಹಾಡಿಗೆ ಹೋಗುತ್ತವೆ. ಅಲ್ಲಿಗೆ ಹೋಗಲು ಇರುವುದು ಒಂದೇ ದಾರಿ. ಹಾಡು ಶುರುವಾದ ಕೂಡಲೇ ಹಿಂದಕ್ಕೆ ಓಡಿಸುವ ಬಟನ್ ಒತ್ತಿ ಹಿಡಿಯಬೇಕು. ಎಲ್ಲ ಪ್ಲೇಯರ್‌ಗಳೂ ಇದಕ್ಕೆ ಒಪ್ಪುವುದಿಲ್ಲ. ನನ್ನ ಹಳೆಯದು ಒಪ್ಪಿತು. ಪರದೆಯಲ್ಲಿ ಸಮಯ ಸೊನ್ನೆ ದಾಟಿ ಮೈನಸ್‌ಗೆ ಇಳಿಯಿತು. ಮೈನಸ್ ಒಂದು ನಿಮಿಷ, ಎರಡು, ಮೂರು. ಬಟನ್ ಬಿಟ್ಟೆ.

ಕುರ್ಚಿ ಎಳೆದ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಪಿಯಾನೋ. ಅದೇ ಒಂದನೇ ಹಾಡು, ಆದರೆ ಅಭ್ಯಾಸದ್ದು. ಒಂದೇ ಜಾಗದಲ್ಲಿ ಬೆರಳು ಮತ್ತೆ ಮತ್ತೆ ತಪ್ಪುತ್ತಿತ್ತು. ನಿಲ್ಲಿಸುವುದು, ಮೊದಲಿಂದ ನುಡಿಸುವುದು. ಐದನೇ ಸಲವೂ ತಪ್ಪಿತು. ಉಸಿರು ಎಳೆದುಕೊಂಡ ಸದ್ದು ಕೇಳಿತು. ಅಷ್ಟರಲ್ಲಿ ಪರದೆಯಲ್ಲಿ ಸೊನ್ನೆ ಬಂತು, ಆಲ್ಬಂ ಶುರುವಾಯಿತು. ಈ ಸಲ ಆ ಜಾಗ ಸಲೀಸಾಗಿ ದಾಟಿತು. ಎಷ್ಟೋ ಸಲ ಕೇಳಿದ್ದ ಹಾಡು, ಆ ಜಾಗ ಅಷ್ಟು ಕಷ್ಟದ್ದು ಅಂತ ಗೊತ್ತೇ ಇರಲಿಲ್ಲ.

ಅದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು ಮಧ್ಯಾಹ್ನವೆಲ್ಲ ಹೋಯಿತು. ಮೊದಲ ಡ್ರೈವ್ ಆ ಜಾಗವನ್ನು ಓದಲೇ ಇಲ್ಲ, ಎರಡನೆಯದು ಓದಿತು. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಅಂಚಿನ ಕಂದು ಬಣ್ಣ ಅಲ್ಲಿಯವರೆಗೆ ಬಂದಿರಲಿಲ್ಲ. ಆನ್‌ಲೈನ್‌ನಲ್ಲೂ ಆ ಆಲ್ಬಂ ಹುಡುಕಿದೆ. ಹನ್ನೊಂದೇ ಹಾಡು, ಒಂದನೆಯದು ನೇರ ಶುರು.

ರಾತ್ರಿ ಪಟ್ಟಿಯಲ್ಲಿ ಬರೆದೆ: ‘ಟ್ರ್ಯಾಕ್ 0. ಅಭ್ಯಾಸ. ಐದು ಸಲ.’